ಅರ್ಚಕರ ಮಗ ಅಡ್ವೊಕೇಟ್ ಜನರಲ್ ಆದ ಕಥೆ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ಅವರು ನನ್ನಿಂದ ನಿರೀಕ್ಷಿಸಿದ್ದು ಕಂಪ್ಯೂಟರಿಗೆ ಸಂಬಂಧಪಟ್ಟ ಬರಹ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಇನ್ನೇನು ಬರೆದಾನು ಎಂದು ಅವರಿಗೆ ಅನ್ನಿಸಿದ್ದು ಸಹಜ. ಆದರೆ ಈ ಶಾಲೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಕಂಪ್ಯೂಟರ್ ಅಲ್ಲ. ನಮ್ಮ ಕಾಲದಲ್ಲಿ ಇಲ್ಲಿ ಇದ್ದ ಕಂಪ್ಯೂಟರ್ ಒಂದೇ. ಅದು ಬೀಗ ಹಾಕಿದ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ನನಗೆ ನೆನಪಾಗುವುದು ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ಒಂದು ಪಾಠ ಮತ್ತು ಆ ಪಾಠದಲ್ಲಿ ಬಂದ ಒಂದು ಹೆಸರು.

ಅಂದು ನಮ್ಮ ಮಾಸ್ಟ್ರು ಸಂವಿಧಾನದ ಕರಡು ಸಮಿತಿಯ ಸದಸ್ಯರ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದರು. ಡಾ. ಅಂಬೇಡ್ಕರ್ ಅವರ ಹೆಸರು ಎಲ್ಲರಿಗೂ ಗೊತ್ತಿತ್ತು. ಮುಂದೆ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಎಂದು ಬರೆದ ಕೂಡಲೇ ಹಿಂದಿನ ಬೆಂಚಿನಲ್ಲಿದ್ದ ನಾವು ಕಿಸಕ್ಕನೆ ನಕ್ಕೆವು. ಅಲ್ಲಾಡಿ ಎಂದರೆ ನಮಗೆ ಅಲುಗಾಡಿ ಎಂದೇ ಅರ್ಥ. ಒಬ್ಬನಂತೂ ಕೂತ ಬೆಂಚನ್ನೇ ಅಲ್ಲಾಡಿಸಿ ತೋರಿಸಿದ. ಮಾಸ್ಟ್ರು ಬೈಯಲಿಲ್ಲ. ಅದು ಅವರ ಮನೆತನದ ಹೆಸರೆಂದೂ, ಆತ ಹಳ್ಳಿಯ ಬಡ ಅರ್ಚಕರ ಮಗನೆಂದೂ, ಒಂದು ಕಾಲದಲ್ಲಿ ನಮ್ಮ ಈ ಊರನ್ನೂ ಆಳುತ್ತಿದ್ದ ಸರಕಾರಕ್ಕೆ ಹದಿನೈದು ವರ್ಷ ದೊಡ್ಡ ವಕೀಲರಾಗಿದ್ದರೆಂದೂ ಹೇಳಿ, ನಕ್ಕವರಿಗೆಲ್ಲ ಆ ಹೆಸರನ್ನು ಹತ್ತು ಸಲ ಬರೆಯಲು ಹೇಳಿದರು. ಬರೆದದ್ದಕ್ಕೋ ಏನೋ, ಹೆಸರು ಉಳಿಯಿತು. ಆ ಹೆಸರಿನ ಹಿಂದೆ ಇದ್ದ ಮನುಷ್ಯನನ್ನು ತಿಳಿದುಕೊಳ್ಳಲು ಮಾತ್ರ ನನಗೆ ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. ಅಂದು ನಕ್ಕದ್ದಕ್ಕೆ ಪ್ರಾಯಶ್ಚಿತ್ತವೆಂದು ಈ ಲೇಖನವನ್ನು ಓದಬಹುದು.

ಪುದೂರಿನಿಂದ ಮದ್ರಾಸಿಗೆ

ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಹುಟ್ಟಿದ್ದು 1883ರ ಮೇ 14ರಂದು, ನೆಲ್ಲೂರು ಜಿಲ್ಲೆಯ ಪುದೂರು ಎಂಬ ಸಣ್ಣ ಹಳ್ಳಿಯಲ್ಲಿ. ಈಗ ಅದು ಆಂಧ್ರ ಪ್ರದೇಶದಲ್ಲಿದೆ, ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತಂದೆ ಏಕಾಮ್ರ ಶಾಸ್ತ್ರಿಗಳು ದೇವಸ್ಥಾನದ ಅರ್ಚಕರು. ಪೂಜೆ ಪೌರೋಹಿತ್ಯದಿಂದ ಬರುವ ಆದಾಯ ಎಷ್ಟೆಂದು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ. ದಕ್ಷಿಣೆ, ನೈವೇದ್ಯದ ಅಕ್ಕಿ, ತೆಂಗಿನಕಾಯಿ, ಅಷ್ಟೇ. ಅಂಥ ಮನೆಯ ಹುಡುಗ 1899ರಲ್ಲಿ ಮೆಟ್ರಿಕ್ಯುಲೇಶನ್ ಪಾಸಾದರು. ಹತ್ತನೇ ತರಗತಿ ಪಾಸಾಗುವುದು ಇವತ್ತಿಗೆ ಸಾಮಾನ್ಯ. ಆ ಕಾಲಕ್ಕೆ ಹಳ್ಳಿಯಿಂದ ಬಂದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಆ ಪರೀಕ್ಷೆ ದಾಟುವುದೆಂದರೆ ಮಳೆಗಾಲದಲ್ಲಿ ಸಂಕವಿಲ್ಲದ ಹೊಳೆ ದಾಟಿದಂತೆ.

ಅಲ್ಲಿಂದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಸೇರಿ ಚರಿತ್ರೆಯನ್ನು ಅಭ್ಯಾಸ ಮಾಡಿದರು. ಬಿಡುವಿನ ವೇಳೆಯಲ್ಲಿ ಕಾನೂನಿನ ತರಗತಿಗಳಿಗೆ ಹೋಗಿ ಬಿ.ಎಲ್. ಪರೀಕ್ಷೆಯನ್ನೂ ಮುಗಿಸಿದರು. ಆ ಕಾಲದ ಪ್ರಸಿದ್ಧ ವಕೀಲರಾದ ಪಿ.ಆರ್. ಸುಂದರ ಅಯ್ಯರ್ ಅವರ ಬಳಿ ಕೆಲಸ ಕಲಿತು, 1907ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು.

ಅವರ ಕುಟುಂಬದಲ್ಲಿ ಅದಕ್ಕೆ ಮೊದಲು ಹೆಸರಾಂತ ವಕೀಲರು ಯಾರೂ ಇರಲಿಲ್ಲ, ಕಕ್ಷಿದಾರರನ್ನು ಕಳಿಸಿಕೊಡುವ ಜಮೀನ್ದಾರ ನೆಂಟರೂ ಇರಲಿಲ್ಲ. ಕೈಯಲ್ಲಿದ್ದದ್ದು ಓದು ಮಾತ್ರ. ಕಾನೂನಿನ ಪುಸ್ತಕವನ್ನು ಅವರು ಪರೀಕ್ಷೆಗೆ ಓದಿದವರಲ್ಲ, ಬದುಕಿಡೀ ಓದಿದವರು. ಇಂಗ್ಲೆಂಡಿನ, ಅಮೆರಿಕದ, ಕೆನಡಾದ, ಆಸ್ಟ್ರೇಲಿಯದ ನ್ಯಾಯಾಲಯಗಳು ಏನು ಹೇಳಿವೆ, ಯಾಕೆ ಹಾಗೆ ಹೇಳಿವೆ, ಮುಂದೆ ಯಾವಾಗ ಅಭಿಪ್ರಾಯ ಬದಲಿಸಿವೆ ಎಂಬುದು ಅವರಿಗೆ ಬಾಯಿಪಾಠದಂತೆ ಇರುತ್ತಿತ್ತು. ಕೆಲವೇ ವರ್ಷಗಳಲ್ಲಿ ಅವರು ಮದ್ರಾಸಿನ ಮುಂಚೂಣಿಯ ವಕೀಲರಲ್ಲಿ ಒಬ್ಬರಾದರು.

ಏನಿದು ಅಡ್ವೊಕೇಟ್ ಜನರಲ್ ಹುದ್ದೆ?

1929ರಲ್ಲಿ ಅವರು ಮದ್ರಾಸ್ ಪ್ರಾಂತ್ಯದ ಅಡ್ವೊಕೇಟ್ ಜನರಲ್ ಆದರು. ಈ ಹುದ್ದೆಯ ಹೆಸರನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ, ಟಿ.ವಿ.ಯಲ್ಲಿ ಕೇಳುತ್ತೇವೆ. ಆದರೆ ಕೆಲಸವೇನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಸರಳವಾಗಿ ಹೇಳುವುದಾದರೆ, ನಮಗೆ ಜಾಗದ ತಕರಾರು ಬಂದರೆ ನಾವು ವಕೀಲರ ಹತ್ತಿರ ಹೋಗುತ್ತೇವೆ. ಸರಕಾರಕ್ಕೇ ಕಾನೂನಿನ ಸಂದೇಹ ಬಂದರೆ ಅದು ಹೋಗುವುದು ಅಡ್ವೊಕೇಟ್ ಜನರಲ್ ಹತ್ತಿರ. ಒಂದು ಕಾಯ್ದೆ ಮಾಡುವ ಅಧಿಕಾರ ತನಗೆ ಇದೆಯೋ ಇಲ್ಲವೋ, ಮಾಡಿದ ಕಾಯ್ದೆಯನ್ನು ಯಾರಾದರೂ ಹೈಕೋರ್ಟಿನಲ್ಲಿ ಪ್ರಶ್ನಿಸಿದರೆ ಏನು ಉತ್ತರ ಕೊಡಬೇಕು, ಇದನ್ನೆಲ್ಲ ಸರಕಾರ ಕೇಳುವುದು ಅವರನ್ನೇ.

ಹುದ್ದೆ ಹಳೆಯದು, ಕಂಪೆನಿ ಸರಕಾರದ ಕಾಲದ್ದು. 1861ರ ಇಂಡಿಯನ್ ಕೌನ್ಸಿಲ್ಸ್ ಕಾಯ್ದೆ ಮದ್ರಾಸ್ ಮತ್ತು ಬೊಂಬಾಯಿಯ ಅಡ್ವೊಕೇಟ್ ಜನರಲ್‌ಗಳಿಗೆ ಆಯಾ ಪ್ರಾಂತ್ಯದ ಶಾಸನ ಸಭೆಯಲ್ಲಿ ಸ್ಥಾನವನ್ನೂ ಕೊಟ್ಟಿತು. ಬಹುಕಾಲ ಆ ಕುರ್ಚಿಯಲ್ಲಿ ಕೂತವರು ಇಂಗ್ಲಿಷ್ ಬ್ಯಾರಿಸ್ಟರುಗಳು. ಹತ್ತೊಂಬತ್ತನೇ ಶತಮಾನದ ಕೊನೆಗೆ ವಿ. ಭಾಷ್ಯಂ ಅಯ್ಯಂಗಾರ್ ಅವರು ಮದ್ರಾಸಿನಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಅವರ ನಂತರ ಸಿ. ಶಂಕರನ್ ನಾಯರ್, ಪಿ.ಎಸ್. ಶಿವಸ್ವಾಮಿ ಅಯ್ಯರ್, ಎಸ್. ಶ್ರೀನಿವಾಸ ಅಯ್ಯಂಗಾರ್, ಸಿ.ಪಿ. ರಾಮಸ್ವಾಮಿ ಅಯ್ಯರ್ ಮೊದಲಾದವರು ಬಂದರು. ಅಲ್ಲಾಡಿಯವರದು ಅವರೆಲ್ಲರ ನಂತರದ ಸರದಿ.

ಇನ್ನೊಂದು ಕೆಲಸವೂ ಈ ಹುದ್ದೆಗೆ ಇತ್ತು. ದೇವಸ್ಥಾನ, ಛತ್ರ, ಧರ್ಮಶಾಲೆಗಳಂಥ ಸಾರ್ವಜನಿಕ ದತ್ತಿಗಳ ಹಣ ಅಡ್ಡದಾರಿ ಹಿಡಿದರೆ ಸಾರ್ವಜನಿಕರ ಪರವಾಗಿ ದಾವೆ ಹೂಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಅಡ್ವೊಕೇಟ್ ಜನರಲ್‌ಗೆ ಅಧಿಕಾರ ಕೊಟ್ಟಿತ್ತು. ದೇವಸ್ಥಾನದ ನೈವೇದ್ಯದ ಅನ್ನ ಉಂಡು ಬೆಳೆದ ಹುಡುಗ ಮುಂದೆ ದೇವಸ್ಥಾನಗಳ ಆಸ್ತಿಯನ್ನು ಕಾಯಬೇಕಾದ ಕುರ್ಚಿಯಲ್ಲಿ ಕೂತರು ಎಂಬುದನ್ನು ಓದಿದಾಗ ನನಗೆ ಸಂತೋಷವಾಯಿತು.

ನಮ್ಮ ಅಜ್ಜಂದಿರ ಸರಕಾರ

ನೆಲ್ಲೂರಿನವರೊಬ್ಬರ ಕಥೆ ನಮ್ಮ ಶಾಲೆಯ ಸಂಚಿಕೆಗೆ ಏಕೆ ಎಂದು ಕೇಳುವವರು ತಮ್ಮ ಮನೆಯ ಹಳೆಯ ಟ್ರಂಕನ್ನು ಒಮ್ಮೆ ತೆರೆದು ನೋಡಬೇಕು. ವರ್ಗ ಜಾಗದ, ಮೂಲಗೇಣಿಯ, ಚಾಲಗೇಣಿಯ ಹಳೆಯ ಕಾಗದಗಳಲ್ಲಿ ಮದ್ರಾಸ್ ಎಂಬ ಹೆಸರು ಕಾಣಿಸದೆ ಇರುವುದಿಲ್ಲ. ನಮ್ಮ ಅಜ್ಜನ ಟ್ರಂಕಿನಲ್ಲೂ ಅಂಥ ಕಾಗದಗಳಿದ್ದವು. 1956ರ ನವೆಂಬರ್ 1ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಬಳ್ಳಾರಿಯೂ ಅಷ್ಟೇ, 1953ರ ವರೆಗೆ. ಹಾಗಾಗಿ 1929ರಿಂದ 1944ರ ವರೆಗೆ ನಮ್ಮ ಅಜ್ಜ, ಮುತ್ತಜ್ಜಂದಿರ ಸರಕಾರದ ಹಿರಿಯ ವಕೀಲರು ಅಲ್ಲಾಡಿಯವರೇ. ಮಂಗಳೂರಿನ ಕೋರ್ಟಿನಲ್ಲಿ ಸೋತವರು ಮೇಲ್ಮನವಿ ಹಿಡಿದು ಹೋಗಬೇಕಾದದ್ದು ಅವರು ವಾದಿಸುತ್ತಿದ್ದ ಮದ್ರಾಸ್ ಹೈಕೋರ್ಟಿಗೇ.

ಆ ವರ್ಷಗಳು ಸಾಮಾನ್ಯವಾದವುಗಳಲ್ಲ. 1930ರ ದಶಕದಲ್ಲಿ ಬೆಳೆಯ ಧಾರಣೆ ನೆಲ ಕಚ್ಚಿ ರೈತರು ಸಾಲದಲ್ಲಿ ಮುಳುಗಿದ್ದರು. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲ ಬಂತು. 1938ರಲ್ಲಿ ಅದು ಮದ್ರಾಸ್ ಕೃಷಿಕರ ಪರಿಹಾರ ಕಾಯ್ದೆಯನ್ನು ತಂದಿತು. 1932ರ ಅಕ್ಟೋಬರಿಗಿಂತ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ರ ವರೆಗೆ ಬಾಕಿ ಉಳಿದಿದ್ದ ಬಡ್ಡಿಯನ್ನು ಆ ಕಾಯ್ದೆ ಒಂದೇ ಏಟಿಗೆ ತೊಡೆದುಹಾಕಿತು. ಅಸಲಿನ ಎರಡರಷ್ಟನ್ನು ಆಗಲೇ ಕಟ್ಟಿದ್ದವನಿಗೆ ಇಡೀ ಸಾಲವೇ ತೀರಿದಂತಾಯಿತು. ಚಕ್ರಬಡ್ಡಿಯ ಕೆಳಗೆ ನುಗ್ಗಾಗಿದ್ದ ಕುಟುಂಬಕ್ಕೆ ಇದೆಂಥ ಬಿಡುಗಡೆ ಎಂದು ಊಹಿಸಿಕೊಳ್ಳಬಹುದು.

ಸಾಲ ಕೊಟ್ಟವರು ಸುಮ್ಮನೆ ಕೂರಲಿಲ್ಲ. ಪ್ರಾಮಿಸರಿ ನೋಟಿನ ವಿಷಯ ಕೇಂದ್ರದ ಪಟ್ಟಿಯಲ್ಲಿದೆ, ಪ್ರಾಂತ್ಯ ಅದನ್ನು ಮುಟ್ಟುವಂತಿಲ್ಲ ಎಂಬ ವಾದ ಹೊಸದಾಗಿ ಸ್ಥಾಪನೆಯಾಗಿದ್ದ ದೆಹಲಿಯ ಫೆಡರಲ್ ಕೋರ್ಟಿನ ವರೆಗೆ ಹೋಯಿತು. ಕೃಷಿ ಸಾಲ, ಲೇವಾದೇವಿ ಪ್ರಾಂತ್ಯದ ಪಟ್ಟಿಯಲ್ಲಿದ್ದವು. ಅದೇ ಸಾಲವನ್ನು ಬರೆದಿಟ್ಟ ನೋಟು ಕೇಂದ್ರದ ಪಟ್ಟಿಯಲ್ಲಿತ್ತು. ಒಂದೇ ಕಾಯ್ದೆ ಎರಡೂ ಪಟ್ಟಿಗಳಿಗೆ ತಾಗಿದರೆ ಏನು ಮಾಡಬೇಕು? ಕಾಯ್ದೆಯ ನಿಜವಾದ ತಿರುಳು ಏನು ಎಂದು ನೋಡಬೇಕು, ಅಂಚಿನಲ್ಲಿ ಇನ್ನೊಂದಕ್ಕೆ ತಾಗಿದ ಮಾತ್ರಕ್ಕೆ ಅದು ಬಿದ್ದುಹೋಗುವುದಿಲ್ಲ ಎಂಬ ತತ್ತ್ವ ಇಂಥ ಮೊಕದ್ದಮೆಗಳಲ್ಲಿ ಗಟ್ಟಿಯಾಯಿತು. 1940ರಲ್ಲಿ ಫೆಡರಲ್ ಕೋರ್ಟಿನ ಬಹುಮತದ ತೀರ್ಪಿನಲ್ಲಿ ಮದ್ರಾಸಿನ ಕಾಯ್ದೆ ಉಳಿದುಕೊಂಡಿತು. ಅಡ್ವೊಕೇಟ್ ಜನರಲ್ ಕಚೇರಿಯ ಕೆಲಸ ಹಳ್ಳಿಯ ಜಗಲಿಯ ವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರೈತನ ಪರವಾಗಿ ಕಾಯ್ದೆ ಬರೆದರಷ್ಟೇ ಸಾಲದು, ಅದು ನ್ಯಾಯಾಲಯದಲ್ಲಿ ನಿಲ್ಲಬೇಕು.

ಒಂದು ಕಷ್ಟದ ಪ್ರಶ್ನೆ

ಇಲ್ಲಿ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ಆ ಹದಿನೈದು ವರ್ಷ ಸ್ವಾತಂತ್ರ್ಯ ಹೋರಾಟದ ಕಾಲ. ಉಪ್ಪಿನ ಸತ್ಯಾಗ್ರಹ, ಕ್ವಿಟ್ ಇಂಡಿಯಾ ಎರಡೂ ನಡೆದದ್ದು ಆಗಲೇ. ಬ್ರಿಟಿಷರು ಅಲ್ಲಾಡಿಯವರಿಗೆ 1930ರಲ್ಲಿ ದಿವಾನ್ ಬಹಾದೂರ್ ಬಿರುದನ್ನೂ 1932ರಲ್ಲಿ ಸರ್ ಪದವಿಯನ್ನೂ ಕೊಟ್ಟರು. ಅವರು ಜೈಲಿಗೆ ಹೋದವರಲ್ಲ, ಖಾದಿ ಹೊತ್ತು ಬೀದಿಗಿಳಿದವರೂ ಅಲ್ಲ.

ಅದೇ ಕುರ್ಚಿಯಲ್ಲಿ ಅವರಿಗಿಂತ ಹಿಂದೆ ಕೂತಿದ್ದ ಎಸ್. ಶ್ರೀನಿವಾಸ ಅಯ್ಯಂಗಾರ್ 1920ರಲ್ಲಿ ಹುದ್ದೆ ಬಿಟ್ಟು, ಸರಕಾರ ಕೊಟ್ಟ ಬಿರುದನ್ನು ಹಿಂದಿರುಗಿಸಿ ಕಾಂಗ್ರೆಸ್ ಸೇರಿದರು. 1926ರ ಗುವಾಹಟಿ ಅಧಿವೇಶನಕ್ಕೆ ಅಧ್ಯಕ್ಷರೂ ಆದರು. ನಮ್ಮ ಮಂಗಳೂರಿನ ಕಾರ್ನಾಡ್ ಸದಾಶಿವ ರಾಯರಂತೂ ಚೆನ್ನಾಗಿ ನಡೆಯುತ್ತಿದ್ದ ವಕೀಲಿಯನ್ನೂ ಆಸ್ತಿಯನ್ನೂ ದೇಶಕ್ಕೆ ಸುರಿದು, 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಇವರಿಬ್ಬರ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ಅಲ್ಲಾಡಿಯವರ ದಾರಿ ಸುರಕ್ಷಿತವಾಗಿ ಕಾಣುತ್ತದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಈ ಲೇಖನಕ್ಕೆಂದು ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ನನಗೆ ಅನ್ನಿಸಿದ್ದು ಇಷ್ಟು. ಸದಾಶಿವ ರಾಯರಂಥವರ ತ್ಯಾಗವಿಲ್ಲದೆ ಸ್ವಾತಂತ್ರ್ಯ ಬರುತ್ತಿರಲಿಲ್ಲ. ಬಂದ ಮೇಲೆ ಮಾತ್ರ ಬೇರೆ ರೀತಿಯ ಕೆಲಸ ಬೇಕಾಯಿತು. ಸರಕಾರವೆಂಬ ಯಂತ್ರ ಒಳಗಿನಿಂದ ಹೇಗೆ ಓಡುತ್ತದೆ, ಕಾಯ್ದೆಯ ಒಂದು ಪದ ಸಡಿಲವಾದರೆ ಹತ್ತು ವರ್ಷದ ಮೇಲೆ ಎಲ್ಲಿ ಸೋರುತ್ತದೆ ಎಂದು ಬಲ್ಲವರು ಬೇಕಾದರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹಳೆಯ ಪ್ರೋಗ್ರಾಮನ್ನು ವರ್ಷಗಟ್ಟಲೆ ನೋಡಿಕೊಂಡವನಿಗೇ ಹೊಸದರಲ್ಲಿ ಯಾವ ತಪ್ಪು ನುಸುಳಬಾರದು ಎಂದು ಗೊತ್ತಿರುತ್ತದೆ. ಕಾಂಗ್ರೆಸ್ಸಿನ ನಾಯಕರಿಗೂ ಇದು ತಿಳಿದಿತ್ತು. 1946ರಲ್ಲಿ ಸಂವಿಧಾನ ಸಭೆಗೆ ಆಯ್ಕೆ ನಡೆದಾಗ ತಮ್ಮ ಪಕ್ಷದವರಲ್ಲದ ಅಲ್ಲಾಡಿಯವರನ್ನು ಮದ್ರಾಸಿನಿಂದ ತಾವೇ ಬೆಂಬಲಿಸಿ ಕಳಿಸಿದರು. ಜೈಲಿಗೆ ಹೋದವರು ಹೋಗದವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡದ್ದು ಅವರ ದೊಡ್ಡತನ. ಆ ನಂಬಿಕೆಗೆ ತಕ್ಕಂತೆ ದುಡಿದದ್ದು ಇವರ ದೊಡ್ಡತನ.

ಸಂವಿಧಾನ ಸಭೆಯಲ್ಲಿ

ಆಗ ಅವರಿಗೆ ಅರುವತ್ತು ದಾಟಿತ್ತು. ಆರೋಗ್ಯವೂ ಗಟ್ಟಿಯಾಗಿರಲಿಲ್ಲ. ಆದರೂ ಮೂಲಭೂತ ಹಕ್ಕುಗಳ ಉಪಸಮಿತಿ, ಕೇಂದ್ರ ಸಂವಿಧಾನ ಸಮಿತಿ, ಕೇಂದ್ರದ ಅಧಿಕಾರಗಳ ಸಮಿತಿ, ಸುಪ್ರೀಂ ಕೋರ್ಟಿನ ಸ್ವರೂಪವನ್ನು ಸೂಚಿಸುವ ಸಮಿತಿ ಹೀಗೆ ಎಲ್ಲೆಲ್ಲೂ ಅವರಿದ್ದರು. 1947ರ ಆಗಸ್ಟ್ 29ರಂದು ಡಾ. ಅಂಬೇಡ್ಕರ್ ಮುಂತಾದ ಏಳು ಜನರ ಕರಡು ಸಮಿತಿ ನೇಮಕವಾದಾಗ ಅದರಲ್ಲೂ ಅವರ ಹೆಸರಿತ್ತು.

ಆ ಕೆಲಸದಲ್ಲಿ ನಮ್ಮ ನಾಡಿನ ನಂಟೂ ಇದೆ. ಸಮಿತಿಯ ಕೈಗೆ ಮೊದಲ ಕರಡನ್ನು ತಯಾರಿಸಿ ಕೊಟ್ಟವರು ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರಿನ ಬೆನೆಗಲ್ ನರಸಿಂಗ ರಾಯರು. ಮೊದಲ ಸದಸ್ಯರಲ್ಲಿ ಒಬ್ಬರಾದ ಬಿ.ಎಲ್. ಮಿತ್ತರ್ ಅವರು ಹೊರಬಂದಾಗ ಅವರ ಜಾಗಕ್ಕೆ ಬಂದವರು ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾಯರು.

ಆ ಸಭೆಯಲ್ಲಿ ಅಲ್ಲಾಡಿಯವರು ತೆಗೆದುಕೊಂಡ ನಿಲುವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಒಂದರ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯ ಇದೆ, ಇನ್ನೊಂದಕ್ಕೆ ನಾವೆಲ್ಲ ಋಣಿಗಳು.

ಮೊದಲನೆಯದು, ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ಅಮೆರಿಕದ ಸಂವಿಧಾನದ ಮಾದರಿಯಲ್ಲಿ ಬರೆದರೆ, ಕಾಯ್ದೆ ನ್ಯಾಯವಾದದ್ದೇ ಎಂದು ತೂಗಿ ನೋಡುವ ಅಧಿಕಾರ ನ್ಯಾಯಾಧೀಶರಿಗೆ ಸಿಗುತ್ತಿತ್ತು. ಕೆ.ಎಂ. ಮುನ್ಶಿಯವರು ಅದನ್ನು ಬಯಸಿದ್ದರು. ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡುಬಂದ ನರಸಿಂಗ ರಾಯರು ಅದು ಬೇಡವೆಂದರು. ಅಲ್ಲಾಡಿಯವರೂ ಅದೇ ಕಡೆ ನಿಂತರು. ಕಾರ್ಮಿಕರ ಪರವಾದ, ಬಡವರ ಪರವಾದ ಕಾಯ್ದೆಗಳನ್ನು ಅಮೆರಿಕದ ನ್ಯಾಯಾಲಯಗಳು ಹೇಗೆ ಹೊಡೆದುಹಾಕಿದ್ದವು ಎಂದು ಅವರು ಬಲ್ಲರು. ಚುನಾಯಿತ ಸಭೆ ಮಾಡಿದ್ದನ್ನು ಕೆಲವೇ ನ್ಯಾಯಾಧೀಶರು ಅಳಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹೀಗೆ 21ನೇ ವಿಧಿಯಲ್ಲಿ ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಅರ್ಥದ ಮಾತು ಬಂತು.

ಇದರ ಬೆಲೆ ಬೇಗನೆ ಗೊತ್ತಾಯಿತು. 1950ರಲ್ಲಿ ಮದ್ರಾಸ್ ರಾಜ್ಯದ ಜೈಲಿನಲ್ಲಿ ವಿಚಾರಣೆಯಿಲ್ಲದೆ ಇದ್ದ ಎ.ಕೆ. ಗೋಪಾಲನ್ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ವಾದಿಸಿದ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ಮಾಡಿದ್ದವರು. ಕಾಯ್ದೆ ಇದೆ, ಅದರ ಕ್ರಮ ಪಾಲನೆಯಾಗಿದೆ, ಅಷ್ಟೇ ಸಾಕು ಎಂಬ ಅರ್ಥಕ್ಕೆ ನ್ಯಾಯಾಲಯ ಬಂತು. ಆ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 1978ರ ಮನೇಕಾ ಗಾಂಧಿ ಮೊಕದ್ದಮೆಯ ವರೆಗೆ ಕಾಯಬೇಕಾಯಿತು. ಹದಿನೈದು ವರ್ಷ ಸರಕಾರದ ಕಡೆಯ ಕುರ್ಚಿಯಲ್ಲಿ ಕೂತ ಮನುಷ್ಯ ಸರಕಾರವನ್ನು ಸ್ವಲ್ಪ ಹೆಚ್ಚೇ ನಂಬಿದರೇ? ಇರಬಹುದು. ಆದರೆ ಅದೇ ಮನುಷ್ಯ ರೈತರ ಸಾಲದ ಕಾಯ್ದೆ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ಕಂಡವರೂ ಹೌದು. ಅವರ ಭಯಕ್ಕೂ ಕಾರಣವಿತ್ತು.

ಎರಡನೆಯದು, ಮತದ ಹಕ್ಕು. ಬ್ರಿಟಿಷರ ಕಾಲದಲ್ಲಿ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ, ಓದಿದವರಿಗೆ ಮಾತ್ರ ಮತವಿತ್ತು. 1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಶೇಕಡಾ 18ರ ಆಸುಪಾಸು. ಅಂಥ ದೇಶದಲ್ಲಿ ಪ್ರತಿಯೊಬ್ಬ ವಯಸ್ಕನಿಗೂ ವಯಸ್ಕಳಿಗೂ ಒಮ್ಮೆಲೇ ಮತ ಕೊಡುವುದು ಹುಚ್ಚುತನವೆಂದು ಶಂಕಿಸಿದವರಿದ್ದರು. 1949ರ ನವೆಂಬರಿನಲ್ಲಿ, ಸಭೆಯ ಕೊನೆಯ ದಿನಗಳಲ್ಲಿ, ಅಲ್ಲಾಡಿಯವರು ಈ ಪ್ರಶ್ನೆಗೆ ಉತ್ತರ ಕೊಟ್ಟರು. ಜನರಲ್ಲಿ ಅಜ್ಞಾನವೂ ಅನಕ್ಷರತೆಯೂ ಇವೆಯೆಂದು ಒಪ್ಪಿಕೊಂಡೇ, ಸಾಮಾನ್ಯ ಮನುಷ್ಯನ ಮೇಲೆ ತುಂಬು ನಂಬಿಕೆಯಿಟ್ಟು ಸಭೆ ಈ ತೀರ್ಮಾನಕ್ಕೆ ಬಂದಿದೆ ಎಂಬ ಅರ್ಥದಲ್ಲಿ ಮಾತಾಡಿದರು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಜನರ ಹೆಸರು ಮತದಾರರ ಪಟ್ಟಿಗೆ ಸೇರಿತು.

ನನ್ನ ಅಜ್ಜಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಆದರೆ ಒಂದೇ ಒಂದು ಚುನಾವಣೆಯನ್ನೂ ಅವರು ತಪ್ಪಿಸಿದವರಲ್ಲ. ಇದೇ ಶಾಲೆಯ ಮತಗಟ್ಟೆಗೆ, ಒಗೆದು ಮಡಚಿಟ್ಟ ಸೀರೆಯುಟ್ಟು, ಬೆಳಗ್ಗೆಯೇ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ದೊಡ್ಡ ವಕೀಲರೊಬ್ಬರು ದೆಹಲಿಯಲ್ಲಿ ನಿಂತು ತನ್ನಂಥವರ ಮೇಲೆ ನಂಬಿಕೆಯಿಟ್ಟಿದ್ದರೆಂದು ಅಜ್ಜಿಗೆ ತಿಳಿದಿರಲಿಲ್ಲ. ಆ ನಂಬಿಕೆಯನ್ನು ಮಾತ್ರ ಅವರು ಒಮ್ಮೆಯೂ ಹುಸಿ ಮಾಡಲಿಲ್ಲ.

ತಾವು ಕೂತಿದ್ದ ಕುರ್ಚಿ

ಅದೇ ಸಂವಿಧಾನದ 165ನೇ ವಿಧಿ ಪ್ರತಿ ರಾಜ್ಯಕ್ಕೂ ಒಬ್ಬ ಅಡ್ವೊಕೇಟ್ ಜನರಲ್ ಇರಬೇಕೆಂದು ಹೇಳುತ್ತದೆ. ಹೈಕೋರ್ಟಿನ ನ್ಯಾಯಾಧೀಶರಾಗಲು ಅರ್ಹತೆಯುಳ್ಳವರನ್ನು ರಾಜ್ಯಪಾಲರು ನೇಮಿಸುತ್ತಾರೆ. 177ನೇ ವಿಧಿಯ ಪ್ರಕಾರ ಅವರು ವಿಧಾನಸಭೆಯಲ್ಲಿ ಎದ್ದು ಮಾತಾಡಬಹುದು, ಮತ ಹಾಕುವಂತಿಲ್ಲ. ಈ ಏರ್ಪಾಡು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಕಾನೂನು ಏನೆಂದು ಹೇಳುವುದು ಅವರ ಕೆಲಸ, ಯಾವ ಪಕ್ಷ ಗೆಲ್ಲಬೇಕೆಂದು ನಿರ್ಧರಿಸುವುದಲ್ಲ.

1949ರ ನವೆಂಬರ್ 25ರಂದು ಸಭೆಯಲ್ಲಿ ಮಾತಾಡುತ್ತ ಡಾ. ಅಂಬೇಡ್ಕರ್, ಕರಡು ಸಮಿತಿಯಲ್ಲಿ ತನಗಿಂತ ಹಿರಿಯರೂ ಹೆಚ್ಚು ಸಮರ್ಥರೂ ಇದ್ದರೆಂದು ಹೇಳಿ, ಉದಾಹರಣೆಯಾಗಿ ಅಲ್ಲಾಡಿಯವರ ಹೆಸರನ್ನು ಎತ್ತಿಕೊಂಡರು. ಅದು ಅಂಬೇಡ್ಕರ್ ಅವರ ವಿನಯ. ಸಂವಿಧಾನದ ಭಾರವನ್ನು ಅವರೆಷ್ಟು ಹೊತ್ತರೆಂದು ದೇಶಕ್ಕೆ ಗೊತ್ತಿದೆ. ಆದರೆ ಅಂಥವರ ಬಾಯಲ್ಲಿ ಆ ಹೆಸರು ಬಂದದ್ದು ಯಾವ ಬಿರುದಿಗೂ ಕಡಿಮೆಯಲ್ಲ.

ಅಲ್ಲಾಡಿಯವರು ತೀರಿಕೊಂಡದ್ದು 1953ರ ಅಕ್ಟೋಬರ್ 3ರಂದು. ಅದಕ್ಕೆ ಎರಡೇ ದಿನ ಹಿಂದೆ, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿ ಅವರ ನೆಲ್ಲೂರು ಮದ್ರಾಸಿನಿಂದ ಬೇರೆಯಾಗಿತ್ತು. ಅದೇ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಅವರು ವಾದಿಸಿದ ಹಳೆಯ ಮದ್ರಾಸ್ ಪ್ರಾಂತ್ಯವೂ ಅವರೂ ಒಟ್ಟಿಗೇ ಚರಿತ್ರೆಯಾದರು.

ಮದ್ರಾಸಿನ ಮೈಲಾಪುರದಲ್ಲಿದ್ದ ಅವರ ಮನೆಯ ಹೆಸರು ಏಕಾಮ್ರ ನಿವಾಸ. ಅರ್ಚಕರಾಗಿದ್ದ ತಂದೆಯ ಹೆಸರು ಅದು. ಅವರ ಮಗ ಅಲ್ಲಾಡಿ ರಾಮಕೃಷ್ಣನ್ ವಕೀಲಿಗೆ ಬದಲು ಭೌತವಿಜ್ಞಾನವನ್ನು ಆರಿಸಿಕೊಂಡರು. ಅದೇ ಮನೆಯಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಭೌತವಿಜ್ಞಾನದ ಗೋಷ್ಠಿ ನಡೆಸಿದರು. 1960ರಲ್ಲಿ ಮದ್ರಾಸಿಗೆ ಬಂದ ನೀಲ್ಸ್ ಬೋರ್ ಅವರಿಗೂ ಈ ಗುಂಪಿನ ಪರಿಚಯವಾಯಿತು. ಆ ಗೋಷ್ಠಿಯೇ ಬೆಳೆದು 1962ರಲ್ಲಿ ಗಣಿತ ವಿಜ್ಞಾನಗಳ ಸಂಸ್ಥೆಯಾಯಿತು. ಇಂದಿಗೂ ಚೆನ್ನೈಯಲ್ಲಿ ದೇಶದ ದೊಡ್ಡ ಗಣಿತಜ್ಞರು ಅಲ್ಲಿ ಕೆಲಸ ಮಾಡುತ್ತಿದ್ದಾರೆ. ಮೊಮ್ಮಗ ಕೃಷ್ಣಸ್ವಾಮಿ ಅಲ್ಲಾಡಿ ಅಜ್ಜನ ಹೆಸರನ್ನೇ ಹೊತ್ತ ಗಣಿತಜ್ಞ. ಅರ್ಚಕ, ವಕೀಲ, ವಿಜ್ಞಾನಿ, ಗಣಿತಜ್ಞ. ನಾಲ್ಕು ತಲೆಮಾರು. ಪುದೂರಿನ ಹುಡುಗ ಒಂದು ಮೆಟ್ರಿಕ್ ಪರೀಕ್ಷೆ ಪಾಸಾದದ್ದರಿಂದ ಎಲ್ಲಿಂದ ಎಲ್ಲಿಗೆ ದಾರಿ ಆಯಿತು ನೋಡಿ.

ಕೊನೆಯ ಮಾತು

ಮುಗಿಸುವ ಮೊದಲು ನಮ್ಮ ಮನೆಯದೇ ಒಂದು ವಿಷಯ. ನಾನು ಇಲ್ಲಿ ಹತ್ತನೇ ತರಗತಿಯಲ್ಲಿದ್ದಾಗ ಅಪ್ಪನಿಗೆ ಜಾಗದ ವಿಚಾರದಲ್ಲಿ ಸರಕಾರದ ವಿರುದ್ಧ ಒಂದು ದಾವೆ ನಡೆಯುತ್ತಿತ್ತು. ಮುಖ್ಯವಾದ ಒಂದು ಹಳೆಯ ಕಾಗದ ಅಜ್ಜನ ಟ್ರಂಕಿನಲ್ಲಿ ಗೆದ್ದಲು ಹಿಡಿದು ಹೋಗಿತ್ತು. ಗೆಲ್ಲುವ ಆಸೆಯನ್ನು ಅಪ್ಪ ಬಿಟ್ಟಿದ್ದರು. ಒಂದು ವಾಯಿದೆಯ ದಿನ ನಾನೂ ಜತೆಗೆ ಹೋಗಿದ್ದೆ. ಅಂದು ಎದುರು ಕಡೆಯ ಸರಕಾರಿ ವಕೀಲರೇ ತಮ್ಮ ಕಡತದಿಂದ ಮದ್ರಾಸ್ ಸರಕಾರದ ಕಾಲದ ಆ ಕಾಗದದ ಪ್ರತಿಯನ್ನು ತೆಗೆದು ನ್ಯಾಯಾಧೀಶರ ಮುಂದಿಟ್ಟರು. ಅದು ನಮ್ಮ ಪರವಾಗಿತ್ತು. ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಅಪ್ಪನನ್ನು ಕೇಳಿದೆ, ಅವರು ನಮ್ಮ ವಿರುದ್ಧದ ವಕೀಲರಲ್ಲವೇ ಎಂದು. ಅವರು ಸರಕಾರದ ವಕೀಲರು, ಸರಕಾರ ಎಂದರೆ ನಾವೂ ಸೇರಿ ಅಲ್ಲವೇ ಎಂದು ಅಪ್ಪ ಹೇಳಿದರು. ಅಪ್ಪ ಓದಿದ್ದು ಐದನೇ ತರಗತಿ. ಅಡ್ವೊಕೇಟ್ ಜನರಲ್ ಹುದ್ದೆಯ ಬಗ್ಗೆ ನಾನು ಈಚೆಗೆ ಓದಿದ ಪುಸ್ತಕಗಳಲ್ಲೆಲ್ಲ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಗಲಿಲ್ಲ.

ಎಲ್ಲ ಸರಕಾರಿ ವಕೀಲರೂ ಹಾಗಿರುತ್ತಾರೆ ಎಂದು ನಾನು ಹೇಳುವುದಿಲ್ಲ. ಹಾಗಿರಬೇಕು ಎಂಬುದಕ್ಕಾಗಿಯೇ ಆ ಹುದ್ದೆ ಇರುವುದು.

ನಮ್ಮದು ಸರಕಾರಿ ಶಾಲೆ. ಸರಕಾರದ ಅಕ್ಕಿ ಉಂಡು, ಸರಕಾರದ ಪುಸ್ತಕ ಓದಿ ಬೆಳೆದವರು ನಾವು. ಐವತ್ತು ವರ್ಷಗಳಲ್ಲಿ ಈ ಶಾಲೆ ಶಿಕ್ಷಕರನ್ನು, ಸೈನಿಕರನ್ನು, ದಾದಿಯರನ್ನು, ಕೃಷಿಕರನ್ನು, ನನ್ನಂಥ ಎಂಜಿನಿಯರುಗಳನ್ನು ಕೊಟ್ಟಿದೆ. ಮುಂದಿನ ಐವತ್ತು ವರ್ಷಗಳಲ್ಲಿ ಇಲ್ಲಿಂದ ಒಬ್ಬ ಹುಡುಗಿಯೋ ಹುಡುಗನೋ ಕಾನೂನು ಓದಿ, ಕರ್ನಾಟಕದ ಅಡ್ವೊಕೇಟ್ ಜನರಲ್ ಕುರ್ಚಿಯಲ್ಲಿ ಕೂರಲಿ ಎಂದು ಹಾರೈಸುತ್ತೇನೆ. ಅಂದು ಹಾಜರಿ ಪುಸ್ತಕದಲ್ಲಿ ಆ ಹೆಸರು ಓದಿ ಯಾರಾದರೂ ಹಿಂದಿನ ಬೆಂಚಿನಲ್ಲಿ ನಕ್ಕರೆ, ನಮ್ಮ ಮಾಸ್ಟ್ರು ಮಾಡಿದಂತೆ, ಅವರಿಗೂ ಹತ್ತು ಸಲ ಬರೆಸಿ.